ಮನೆಯಲ್ಲಿ ಕಾರ್ ಚಾರ್ಜರ್ ಹಾಕಿಸಲು ಯಾರ ಅನುಮತಿ ಬೇಕು?

ಶಿರಸಿ ಹತ್ತಿರದ ಹಳ್ಳಿಯಲ್ಲಿ ಸ್ವಂತ ಮನೆ ಇದೆ, ಅಡಿಕೆ ತೋಟ ಇದೆ, ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದೇವೆ, ಗೋಡೆಗೆ ಚಾರ್ಜರ್ ಕೂರಿಸಲು ಪಂಚಾಯಿತಿಗೆ ಹೋಗಬೇಕಾ, ಹೆಸ್ಕಾಂಗೆ ಹೋಗಬೇಕಾ ಅಂತ ಕೇಳಿದ್ದೀರಿ. ನಾನು ಅಂಕೋಲಾದವನು. ಎರಡು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೇನೆ.

ಪಂಚಾಯಿತಿಗೆ ಹೋಗುವುದು ಬೇಡ. ನಿಮ್ಮ ಗೋಡೆ, ನಿಮ್ಮ ಪೆಟ್ಟಿಗೆ. ಇರುವ ಕರೆಂಟ್ ಕನೆಕ್ಷನ್‌ನಲ್ಲೇ ಮನೆಯಲ್ಲಿ ಗಾಡಿ ಚಾರ್ಜ್ ಮಾಡಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲೇ ಹೇಳಿದೆ. ಲೈಸೆನ್ಸ್ ಮಾತೇ ಇಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಫ್ಲ್ಯಾಟ್ ಆದರೆ ಸಂಘದ ಒಪ್ಪಿಗೆ ಬೇಕು. ನಿಮಗೆ ಅದೆರಡೂ ಇಲ್ಲ.

ಹೆಸ್ಕಾಂಗೆ ಹೋಗಬೇಕಾಗುವುದು ಲೋಡ್ ವಿಷಯಕ್ಕೆ, ಅಂದರೆ ಮನೆ ಒಮ್ಮೆಗೆ ಎಷ್ಟು ಕರೆಂಟ್ ಎಳೆಯಬಹುದು ಅನ್ನುವುದಕ್ಕೆ. ನಿಮ್ಮ ಬಿಲ್ ತೆಗೆದು ನೋಡಿ. ಆರ್‌.ಆರ್. ನಂಬರ್ ಜೊತೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತ ಇರುತ್ತದೆ. ಹಳೇ ಮನೆಗಳಲ್ಲಿ ಅದು 2 ಅಥವಾ 3 ಇದ್ದರೆ ಆಶ್ಚರ್ಯ ಇಲ್ಲ. ಸಣ್ಣ ಚಾರ್ಜರ್ ಒಂದೇ 3.3 ಕಿಲೋವಾಟ್ ಎಳೆಯುತ್ತದೆ, ದೊಡ್ಡದು 7.2. ಅದರ ಮೇಲೆ ಗೀಸರ್, ಕೊನೆ ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುವ ಯಂತ್ರ. ಹಾಗಾಗಿ ಚಾರ್ಜರ್ ಬರುವ ಮೊದಲೇ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸಿ, ವೈರಿಂಗ್ ವರದಿ ಅವರೇ ಕೊಡುತ್ತಾರೆ. ಠೇವಣಿ ಕಟ್ಟಬೇಕು, ತಿಂಗಳ ನಿಗದಿತ ಶುಲ್ಕವೂ ಕಿಲೋವಾಟ್ ಲೆಕ್ಕದಲ್ಲಿ ಏರುತ್ತದೆ. 7.2ರದ್ದು ಬೇಕೇ ಬೇಕು ಅಂತಾದರೆ ತ್ರೀ ಫೇಸ್ ಆಗಬೇಕಾ ಅಂತ ಶಾಖಾ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ನನ್ನ ಮಾತು ಕೇಳುವುದಾದರೆ ನಿಮಗೆ 3.3 ಸಾಕು. ರಾತ್ರಿ 10ಕ್ಕೆ ಹಾಕಿದರೆ ಬೆಳಗ್ಗೆ 6ಕ್ಕೆ ಸುಮಾರು 25 ಯೂನಿಟ್ ಹೋಗಿರುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ವಾಪಸ್ ಬರಲು ಧಾರಾಳ ಆಯಿತು.

ಇನ್ನೊಂದು ಲೆಕ್ಕ ಹಾಕಿಕೊಳ್ಳಿ. ಗೃಹಜ್ಯೋತಿ ಇದೆ ಅಲ್ವಾ? ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸಾವಿರ ಕಿಲೋಮೀಟರ್ ಓಡಿಸಿದರೆ ಕಾರೇ 130-150 ಯೂನಿಟ್ ತಿನ್ನುತ್ತದೆ. ಮನೆಯ ಬಳಕೆ ಸೇರಿದರೆ ಗಡಿ ದಾಟಿದಂತೆಯೇ. ಓಡಾಟ ಜಾಸ್ತಿ ಇದ್ದರೆ ಕಾರಿಗೇ ಬೇರೆ ಮೀಟರ್ ಕೇಳಿ. ಗಾಡಿ ಚಾರ್ಜಿಂಗ್‌ಗೆ ಪ್ರತ್ಯೇಕ ಕನೆಕ್ಷನ್ ಕೊಡಬೇಕು ಅಂತ 2024ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಸೇರಿಸಿದ್ದಾರೆ. ಹೊಸ ಕನೆಕ್ಷನ್‌ಗೆ ಹಳ್ಳಿಯಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಯಲ್ಲಿ 30 ದಿನದ ಗಡುವೂ ಅದರಲ್ಲಿದೆ.

ತೋಟ ಇದೆ ಅಂದಿದ್ದಕ್ಕೆ ಇದನ್ನು ಹೇಳಲೇಬೇಕು. ಪಂಪ್‌ಸೆಟ್ ಕನೆಕ್ಷನ್‌ನಿಂದ ಕಾರಿಗೆ ವೈರ್ ಎಳೆಯಬೇಡಿ. ಎಷ್ಟೋ ಜನ ಸುಮ್ನೆ ಪುಕ್ಕಟೆ ಕರೆಂಟ್ ಇದೆಯಲ್ಲ ಅಂತ ಎಳೆದುಬಿಡುತ್ತಾರೆ. ಅದು ನೀರಾವರಿಗೆ ಕೊಟ್ಟಿದ್ದು. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರದಲ್ಲಿ ವಸೂಲಿ ಆಗುತ್ತದೆ.

ಅನುಮತಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅರ್ಥಿಂಗ್. ಚಾರ್ಜರ್ ಕೂರಿಸಲು ಬಂದವರು ಮನೆಯ ಹಳೇ ಅರ್ಥ್ ತಂತಿಗೇ ಸೇರಿಸಿ ಹೋಗಿದ್ದರು. ಮಳೆಗಾಲದಲ್ಲಿ ಏನೂ ತೊಂದರೆ ಆಗಲಿಲ್ಲ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಚಾರ್ಜರ್‌ನ ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಸಿಕ್ಕಿಸಿದರೆ ಕೆಂಪು ದೀಪ. ತೆಗೆದು ಹಾಕಿದೆ, ಮತ್ತೆ ಕೆಂಪು. ಬೆಳಗ್ಗೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಪಕ್ಕದ ಮನೆಯ ಅಣ್ಣ ಬಂದು ನೋಡಿ, 'ಅರ್ಥ್ ಗುಂಡಿಗೆ ನೀರು ಹಾಕು' ಅಂದರು. ಮುಚ್ಚಳ ತೆಗೆದರೆ ಒಳಗೆ ಜಂಬಿಟ್ಟಿಗೆ ಪುಡಿ ಒಣಗಿ ಬೂದಿಯಂತಾಗಿತ್ತು, ಪೈಪ್ ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿತ್ತು. ನಾಲ್ಕು ಕೊಡ ನೀರು ಸುರಿದೆವು. ಸ್ವಲ್ಪ ಹೊತ್ತಿಗೆ ಹಸಿರು ದೀಪ ಬಂತು. ಅಮ್ಮ ಆಸ್ಪತ್ರೆಗೆ ಹೋಗಿ ಬಂದರು, ಆದರೆ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅಷ್ಟು ದಿನ ಅಂಥ ಅರ್ಥಿಂಗ್ ನಂಬಿ ಒದ್ದೆ ಕೈಯಲ್ಲಿ ಕಾರು ಮುಟ್ಟಿದ್ದೆವಲ್ಲ!

ಆಮೇಲೆ ಬಚ್ಚಲ ನೀರು ಹರಿದುಹೋಗುವ ಕಡೆ, ಬಾಳೆ ಬುಡದ ಪಕ್ಕ ಹೊಸ ಗುಂಡಿ ತೆಗೆಸಿದೆ. ಅಲ್ಲಿ ನೆಲ ವರ್ಷವಿಡೀ ತಂಪು. ತಾಮ್ರದ ಪಟ್ಟಿ ಹಾಕಿಸಿ, ಅರ್ಥಿಂಗ್ ಅಳೆಯುವ ಮೀಟರ್ ಹಿಡಿದು ಅಳೆಸಿಯೇ ದುಡ್ಡು ಕೊಟ್ಟೆ. ನೀವೂ ಅಳೆಸಿ, ಅದೂ ಬೇಸಿಗೆಯಲ್ಲಿ. ಮೇನ್ ಬೋರ್ಡ್‌ನಿಂದ ಚಾರ್ಜರ್‌ಗೆ ಬೇರೆಯದೇ ತಾಮ್ರದ ವೈರ್ ಎಳೆಸಿ, 3.3ಕ್ಕೆ 4 ಚದರ ಮಿಲಿಮೀಟರ್‌ನದ್ದು. ಅದಕ್ಕೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಇರಲಿ. ನಿಮ್ಮ ಕಡೆ ಗುಡುಗು ಸಿಡಿಲು ಜೋರು, ಸರ್ಜ್ ಪ್ರೊಟೆಕ್ಟರ್ ಬಿಡಬೇಡಿ.

ಈ ವಾರ ಬಿಲ್ ಹಿಡಿದುಕೊಂಡು ಶಾಖಾ ಕಚೇರಿಗೆ ಹೋಗಿ ಬನ್ನಿ. ಮಂಜೂರಾದ ಲೋಡ್ ಎಷ್ಟಿದೆ, ಕಂಬದಿಂದ ಮನೆಗೆ ಎಷ್ಟು ದೂರ ಅಂತ ಇಲ್ಲಿ ಬರೆದರೆ ಮುಂದಿನದ್ದು ಹೇಳುತ್ತೇನೆ.