112 ಪುಸ್ತಕಗಳ ಪಟ್ಟಿ

(ಇಲ್ಲಿ ಹೇಳಿರುವವರ ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮನಸ್ಸಿನ ತೊಂದರೆಗೆ ಸಲಹೆ ಕೇಳಿ ನನ್ನ ಬಳಿ ಮೊದಲ ಭೇಟಿಗೆ ಬರುವವರು ಸಾಮಾನ್ಯವಾಗಿ ಹಳೆಯ ವೈದ್ಯರ ಚೀಟಿ ತರುತ್ತಾರೆ, ಇಲ್ಲವೆ ಜೊತೆಗೊಬ್ಬರನ್ನು ಕರೆತರುತ್ತಾರೆ. ಇವರು ತಂದದ್ದು ಒಂದು ಡೈರಿ. ಅದರ ತುಂಬ ಪುಸ್ತಕಗಳ ಹೆಸರು. ಕರಕುಶಲ ಕಲೆಯವು ನೀಲಿ ಶಾಯಿಯಲ್ಲಿ, ಕಲೆಯ ಇತಿಹಾಸದವು ಹಸಿರಿನಲ್ಲಿ, ‘ಸಂತೋಷವಾಗಿರುವುದು ಹೇಗೆ’ ಎಂಬ ಜಾತಿಯವು ಕೆಂಪಿನಲ್ಲಿ. ಒಟ್ಟು 112. ಯಾರ ಯಾರ ಶಿಫಾರಸು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಂಡಿದ್ದರು.

“ಮೇಡಂ, ಇದರಲ್ಲಿ ಯಾವುದನ್ನ ಮೊದಲು ಓದಲಿ ಅಂತ ಹೇಳಿಬಿಡಿ. ಅಷ್ಟು ಸಾಕು ನನಗೆ.”

ವಯಸ್ಸು 43. ಲೆಕ್ಕಪತ್ರದ ಕೆಲಸ. ಮಗ ಓದಲು ಬೇರೆ ಊರಿಗೆ ಹೋದಾಗಿನಿಂದ ಸಂಜೆಗಳು ಬಿಕೋ ಎನ್ನುತ್ತಿದ್ದವು. ಏನಾದರೂ ಕೈಕೆಲಸ ಕಲಿಯೋಣ ಎಂದುಕೊಂಡರು. ಕಲಿಯುವ ಮುಂಚೆ ಅದರ ಬಗ್ಗೆ ತಿಳಿದಿರಬೇಕಲ್ಲ ಎಂದು ಪುಸ್ತಕ ಕೊಂಡರು. ಅಂದವಾದದ್ದು ಯಾವುದು ಎಂದೇ ಗೊತ್ತಿಲ್ಲದೆ ಅಂದವಾಗಿ ಮಾಡುವುದು ಹೇಗೆ ಎಂದು ಕಲೆಯ ಇತಿಹಾಸಕ್ಕೆ ಕೈ ಹಾಕಿದರು. ಅಲ್ಲೂ ಮನಸ್ಸು ನಿಲ್ಲದಾಗ, ಮನಸ್ಸೇ ಸರಿಯಿಲ್ಲ ಎಂದು ತೀರ್ಮಾನಿಸಿ ಕೆಂಪು ಪಟ್ಟಿ ಶುರುಮಾಡಿದರು. ಎರಡು ವರ್ಷದಲ್ಲಿ ಕೆಂಪು ಪಟ್ಟಿಯಿಂದ ಮೂವತ್ತಕ್ಕೂ ಹೆಚ್ಚು ಓದಿ ಮುಗಿಸಿದ್ದರು. ನೀಲಿಯದರಲ್ಲಿ ಎರಡನೇ ಅಧ್ಯಾಯ ದಾಟಿದ್ದು ಒಂದೂ ಇಲ್ಲ.

ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಮಾಡಬೇಕಾದ್ದನ್ನು ಮಾಡಿದೆ. ನಿದ್ದೆ, ಹಸಿವು, ಕೆಲಸದಲ್ಲಿ ಗಮನ ಎಲ್ಲ ಕೇಳಿದೆ. ಖಿನ್ನತೆ ಅಳೆಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕೊಟ್ಟೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣುವ ಮಾತನ್ನು ನಾನು ಅಲ್ಲೇ ಎತ್ತುತ್ತೇನೆ. ಇವರದು 8. ಒಂಬತ್ತನೆಯ ಪ್ರಶ್ನೆ, ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಕುರಿತದ್ದು, ಅದನ್ನು ಬಾಯಿಬಿಟ್ಟೂ ಕೇಳಿದೆ. ಇಲ್ಲ ಎಂದರು. ನಂಬುವಂತೆಯೇ ಹೇಳಿದರು.

ಆಮೇಲೆ ನಾನೊಂದು ತಪ್ಪು ಮಾಡಿದೆ. ನನಗೂ ಪುಸ್ತಕದ ಹುಚ್ಚು. ಅವರ ಪಟ್ಟಿ ನೋಡುತ್ತ ಕೂತವಳು ಆಸೆ ತಡೆಯಲಾರದೆ ನಾಲ್ಕು ಹೆಸರು ಗುರುತು ಮಾಡಿ, “ಸದ್ಯ ಇಷ್ಟೇ ಓದಿ” ಎಂದೆ. ಹತ್ತು ದಿನ ಬಿಟ್ಟು ಬಂದಾಗ ಒಂಬತ್ತು ಪುಸ್ತಕ ಕೊಂಡಿದ್ದರು. ನಾನು ಹೇಳಿದ ನಾಲ್ಕು, ಆ ನಾಲ್ಕರಲ್ಲಿ ಹೊಗಳಿದ್ದ ಇನ್ನೈದು. ಮುಖ ಇನ್ನಷ್ಟು ಬಾಡಿತ್ತು. “ಈಗೀಗ ಕಪಾಟು ನೋಡಿದರೇ ಬಾಕಿ ಇಟ್ಟವರ ಥರ ಅನ್ಸುತ್ತೆ ಮೇಡಂ” ಎಂದರು. ಸಾಲಗಾರರಿಗೆ ಮತ್ತಷ್ಟು ಸಾಲ ಕೊಟ್ಟವಳು ನಾನು.

ಅವತ್ತೇ ಇನ್ನೊಂದು ವಿಷಯ ಹೊರಬಂತು. ಯಾವುದೋ ಪುಸ್ತಕದಲ್ಲಿ ಹೇಳಿದ್ದರಂತೆ, ದಿನಾ ರಾತ್ರಿ ಮಲಗುವ ಮುಂಚೆ ಅಂದಿನ ಸಂತೋಷಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಕೊಳ್ಳಬೇಕು ಅಂತ. ಹದಿನಾಲ್ಕು ತಿಂಗಳ ಅಂಕಗಳು ಡೈರಿಯ ಹಿಂಬದಿಯಲ್ಲಿದ್ದವು. ಲೆಕ್ಕದವರಲ್ಲವೇ, ತಿಂಗಳ ಸರಾಸರಿಯನ್ನೂ ತೆಗೆದಿದ್ದರು. ಐದರಿಂದ ಶುರುವಾದದ್ದು ಮೂರಕ್ಕೆ ಇಳಿದಿತ್ತು.

ಅದು ಇಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 2011ರಲ್ಲಿ ಮನಶ್ಶಾಸ್ತ್ರಜ್ಞೆ ಐರಿಸ್ ಮಾಸ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗವಿದೆ. ಕೆಲವು ಹೆಂಗಸರಿಗೆ, ಸಂತೋಷವಾಗಿರುವುದು ಬದುಕಿನಲ್ಲಿ ಎಷ್ಟು ಮುಖ್ಯ ಎಂದು ಸಾರುವ ಬರಹವೊಂದನ್ನು ಓದಲು ಕೊಟ್ಟರು. ಉಳಿದವರಿಗೆ ಆ ಬರಹವಿಲ್ಲ. ಆಮೇಲೆ ಖುಷಿಕೊಡುವ ಸಿನಿಮಾ ತುಣುಕು ತೋರಿಸಿದಾಗ, ಬರಹ ಓದಿದವರಿಗೇ ಕಡಿಮೆ ಖುಷಿಯಾಯಿತು. ಖುಷಿ ಆಗಲೇಬೇಕು ಎಂದು ಕಾದು ಕೂತವರಿಗೆ ಆದ ಖುಷಿ ಸಾಲದೆನಿಸಿತ್ತು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ನಾನು ದಿನಾ ರಾತ್ರಿ ನನಗೇ ಫೇಲ್ ಅಂತ ಬರ್ಕೊಂಡು ಮಲಗ್ತಿದ್ದೆ” ಎಂದರು. ನನಗಿಂತ ಚೆನ್ನಾಗಿ ಹೇಳಿದರು.

ಅಂಕ ಹಾಕುವುದನ್ನು ನಿಲ್ಲಿಸಲು ಹೇಳಿದೆ. ಕೆಂಪು ಪಟ್ಟಿಯ ಪುಸ್ತಕಗಳನ್ನು ಆರು ವಾರ ಕಣ್ಣಿಗೆ ಬೀಳದ ಕಡೆ ಇಡಲು ಹೇಳಿದೆ. ಬಿಸಾಡಬೇಕಿಲ್ಲ, ಅವುಗಳ ಮೇಲೆ ನನಗೇನೂ ಹಗೆಯಿಲ್ಲ. ಅದರಲ್ಲಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಎಂಬ ಮನಶ್ಶಾಸ್ತ್ರಜ್ಞರ 1990ರ ‘ಫ್ಲೋ’ ಕೂಡ ಇತ್ತು, ಕೆಲಸದಲ್ಲಿ ಮೈಮರೆಯುವ ತನ್ಮಯತೆಯ ಕುರಿತದ್ದು. ಒಳ್ಳೆಯ ಪುಸ್ತಕವೇ. ಆದರೆ ಇವರು ಅದನ್ನು ಓದಿ, ಬಣ್ಣದ ಪೆಟ್ಟಿಗೆ ಮುಂದಿಟ್ಟುಕೊಂಡು, ಮೊಬೈಲಿನಲ್ಲಿ ನಲವತ್ತು ನಿಮಿಷದ ಗಂಟೆ ಹಾಕಿ, ತನ್ಮಯತೆ ಬರಲಿ ಎಂದು ಕಾದಿದ್ದರು. ಬಸ್ಸಿಗೆ ಕಾದ ಹಾಗೆ.

ಅದೇ ಲೇಖಕರ ಇನ್ನೊಂದು ಕೆಲಸ ನನಗೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಂತು. ಜೇಕಬ್ ಗೆಟ್ಜೆಲ್ಸ್ ಜೊತೆ ಸೇರಿ ಅವರು ಷಿಕಾಗೋದ ಕಲಾಶಾಲೆಯ 31 ವಿದ್ಯಾರ್ಥಿಗಳನ್ನು ಗಮನಿಸಿದ್ದರು. ಮೇಜಿನ ಮೇಲೆ 27 ವಸ್ತುಗಳು. ಬೇಕಾದವನ್ನು ಆರಿಸಿ ಜೋಡಿಸಿ ಚಿತ್ರ ಬರೆಯಬೇಕು. ಕೆಲವರು ಒಂದೆರಡನ್ನು ಎತ್ತಿಟ್ಟು ಸರಸರ ಶುರುಮಾಡಿದರು. ಕೆಲವರು ಹೆಚ್ಚು ವಸ್ತುಗಳನ್ನು ಎತ್ತಿ, ತಿರುಗಿಸಿ, ಒತ್ತಿ ನೋಡುತ್ತ ಹೊತ್ತು ಕಳೆದರು. ಹೊಸತನ ಹೆಚ್ಚಾಗಿ ಕಂಡದ್ದು ಈ ಎರಡನೆಯವರ ಚಿತ್ರಗಳಲ್ಲಿ. ತಿಳಿದುಕೊಂಡು ಮುಟ್ಟುವುದಲ್ಲ, ಮುಟ್ಟುತ್ತ ತಿಳಿಯುವುದು ಎಂದು ಅವರಿಗೆ ವಿವರಿಸಿ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: “ಕೈ ಕೊಳೆ ಮಾಡ್ಕೊಂಡು ಏನಾದರೂ ಮಾಡಿದ್ದು ಕೊನೇ ಸಲ ಯಾವಾಗ?”

ಬಹಳ ಯೋಚಿಸಿದರು. ಶಾಲೆಯಲ್ಲಿದ್ದಾಗ, ಹಳೆ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆ ಕಿತ್ತು ಅಣ್ಣನ ಜೊತೆ ರಫ್ ಪುಸ್ತಕ ಹೊಲಿಯುತ್ತಿದ್ದರಂತೆ. ಅಣ್ಣ ದಬ್ಬಣದಲ್ಲಿ ತೂತು ಮಾಡುವುದು, ಇವರು ಹೊಲಿಯುವುದು. ಹೇಳುವಾಗ ಎಡಗೈ ತಾನಾಗಿ ಹಾಳೆ ಒತ್ತಿ ಹಿಡಿದ ಹಾಗೆ ಮಡಿಚಿಕೊಂಡಿತು. ನೀಲಿ ಪಟ್ಟಿಯಲ್ಲಿ ಕುಂಬಾರಿಕೆ, ನೇಯ್ಗೆ, ಮರಗೆತ್ತನೆ ಎಲ್ಲ ಇದ್ದವು. ಬೈಂಡಿಂಗಿನದು ಒಂದೇ ಒಂದು, 61ನೆಯದು.

ಅದೊಂದನ್ನೇ ಇಟ್ಟುಕೊಳ್ಳಿ ಎಂದೆ. ಕೈಕೆಲಸ ಹೇಳಿಕೊಡುವ ಪುಸ್ತಕ ಆರಿಸುವಾಗ ನಾನು ನೋಡುವುದು ಎರಡು ವಿಷಯ. ಚಿತ್ರಗಳನ್ನು ಮಾಡುವವರ ಹೆಗಲ ಹಿಂದಿನಿಂದ ತೆಗೆದಿದ್ದಾರೋ, ಎದುರಿನಿಂದಲೋ? ಎದುರಿನಿಂದ ತೆಗೆದಿದ್ದರೆ ಕಲಿಯುವವರಿಗೆ ಎಡಬಲ ತಿರುಗುಮುರುಗು. ಇನ್ನೊಂದು, ಕೆಟ್ಟದ್ದು ಹೇಗೆ ಕೆಡುತ್ತದೆ ಎಂದು ಹೇಳಿದ್ದಾರೋ ಇಲ್ಲವೋ? ಬರೀ ಮುಗಿದ ಕೆಲಸದ ಅಂದದ ಚಿತ್ರಗಳಿದ್ದರೆ ಅದು ನೋಡಲಿಕ್ಕಿರುವ ಪುಸ್ತಕ. ಅಂಥವು ಅವರ ಬಳಿ ಹನ್ನೊಂದು ಇದ್ದವು.

ನಿಯಮ ಒಂದೇ: ಹಾಳೆ, ಸೂಜಿ, ದಾರ ಮುಂದಿಲ್ಲದಾಗ ಆ ಪುಸ್ತಕ ತೆರೆಯಬಾರದು. ಅದರ ಮೇಲೆ ಅಂಟಿನ ಕಲೆ ಬೀಳಬೇಕು.

ಮೂರು ತೂತಿನ ಹೊಲಿಗೆಯಿಂದ ಶುರುಮಾಡಿದರು. ಮಡಿಚಿದ ಹಾಳೆಗಳ ನಡುಗೆರೆಯಲ್ಲಿ ಮೂರು ತೂತು. ಒಳಗಿನಿಂದ ನಡುತೂತಿನಲ್ಲಿ ಸೂಜಿ ಹೊರಕ್ಕೆ, ಮೇಲಿನ ತೂತಿನಲ್ಲಿ ಒಳಕ್ಕೆ, ನಡುವಿನದನ್ನು ಬಿಟ್ಟು ಕೆಳಗಿನ ತೂತಿನಲ್ಲಿ ಹೊರಕ್ಕೆ, ಮತ್ತೆ ನಡುತೂತಿನಿಂದ ಒಳಕ್ಕೆ. ಉದ್ದಕ್ಕೆ ಬಿದ್ದಿರುವ ದಾರದ ಆ ಬದಿ ಒಂದು ತುದಿ, ಈ ಬದಿ ಒಂದು ತುದಿ ಬರುವಂತೆ ಎಳೆದು ಗಂಟು. ಅಷ್ಟೇ, ಹತ್ತು ನಿಮಿಷದ ಕೆಲಸ. ಮೊದಲ ನಾಲ್ಕು ಹೊಲಿದು ತಂದು ತೋರಿಸಿದರು. ನಾಲ್ಕೂ ಸೊಟ್ಟ. ಐದನೆಯದಕ್ಕೆ ರಟ್ಟು ಹಾಕಿ ಮೇಲೆ ಕಾಗದ ಅಂಟಿಸಿದ್ದರು. ಅದು ಒಣಗಿ ದೋಣಿಯ ಹಾಗೆ ಬಾಗಿತ್ತು.

“ಸೊಟ್ಟಗಿರೋದೇ ಚೆಂದ ಅಂತ ಯನಗಿ ಬರೆದಿದಾರಲ್ಲ ಮೇಡಂ?” ಎಂದರು. ಮಾತಿನಲ್ಲಿ ಅರ್ಧ ತಮಾಷೆ, ಅರ್ಧ ಆಸರೆ. ಜಪಾನಿನ ಕರಕುಶಲ ಕಲೆಯ ಚಿಂತಕ ಯನಗಿ ಸೋಯೆತ್ಸು ಬರಹಗಳನ್ನು ಬರ್ನಾರ್ಡ್ ಲೀಚ್ ಇಂಗ್ಲಿಷಿಗೆ ತಂದ ‘ದಿ ಅನ್‌ನೋನ್ ಕ್ರಾಫ್ಟ್ಸ್‌ಮನ್’ (1972) ಅವರ ನೀಲಿ ಪಟ್ಟಿಯ ಮೊದಲ ಹೆಸರು. 1931ರಲ್ಲಿ ಯನಗಿ ಹೆಸರಾಂತ ಕಿಜಾಎಮೋನ್ ಚಹಾ ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡಿದ್ದರು. ಕೊರಿಯಾದ ಯಾರೋ ಬಡ ಕುಂಬಾರ ದಿನಬಳಕೆಗೆಂದು ಮಾಡಿದ ಬಟ್ಟಲು ಅದು. ಅದರ ಓರೆಕೋರೆಗಳನ್ನೇ ಅವರು ಕೊಂಡಾಡುತ್ತಾರೆ. ಸಮಾಧಾನಕ್ಕೆ ನಾನು ಹೌದು ಎನ್ನಬಹುದಿತ್ತು. ಎನ್ನಲಿಲ್ಲ. ಆ ಕುಂಬಾರ ದಿನಾ ಲೆಕ್ಕವಿಲ್ಲದಷ್ಟು ಬಟ್ಟಲು ತಿರುಗಿಸಿದವನು. ಅವನ ಓರೆ ಪಳಗಿದ ಕೈಯದು, ಇವರ ಓರೆ ಇನ್ನೂ ಪಳಗದ ಕೈಯದು. ಎರಡನ್ನೂ ಒಂದೇ ಎಂದರೆ ನಾಳೆ ಅವರು ನನ್ನ ಮಾತನ್ನೂ ನಂಬುವುದಿಲ್ಲ, ತಮ್ಮ ಕಣ್ಣನ್ನೂ ನಂಬುವುದಿಲ್ಲ. “ಸೊಟ್ಟಗಿದೆ. ಯಾಕೆ ಸೊಟ್ಟಗಾಯ್ತು?” ಎಂದು ಕೇಳಿದೆ.

ಉತ್ತರ ಮುಂದಿನ ಭೇಟಿಯಲ್ಲಿ ಬಂತು, ಹೇಳುವ ತವಕದಲ್ಲಿ ಕೂರುವ ಮೊದಲೇ. ಕಾಗದಕ್ಕೂ ಮರದ ಹಾಗೆ ಎಳೆಯ ದಿಕ್ಕಿದೆಯಂತೆ. ಎಳೆಯ ಉದ್ದಕ್ಕೆ ಮಡಿಚಿದರೆ ಸಲೀಸು, ಅಡ್ಡಕ್ಕೆ ಮಡಿಚಿದರೆ ಒರಟಾಗಿ ಬಿರಿಯುತ್ತದೆ. ಅಂಟು ತಗುಲಿ ನೆಂದಾಗ ಹಿಗ್ಗುವುದು ಎಳೆಗೆ ಅಡ್ಡವಾಗಿ. ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಒಳಬದಿಗೂ ಕಾಗದ ಅಂಟಿಸಿದರೆ ಎಳೆತ ಸರಿದೂಗುತ್ತದೆ. ಇದೆಲ್ಲ ಆ ಪುಸ್ತಕದ ಎರಡನೇ ಅಧ್ಯಾಯದಲ್ಲೇ ಇತ್ತು. “ಒಂದು ಸಲ ಓದಿದ್ದೆ ಮೇಡಂ, ಗೆರೆ ಕೂಡ ಎಳೆದಿದೀನಿ. ತಲೆಗೇ ಹೋಗಿರಲಿಲ್ಲ.”

ಚಿಕಿತ್ಸೆಯ ದಾರಿ ನನಗೆ ಸ್ಪಷ್ಟವಾದದ್ದು ಅಲ್ಲಿ. ಇವರ ತೊಂದರೆ ಓದು ಹೆಚ್ಚಾದದ್ದಲ್ಲ, ಕೇಳದ ಪ್ರಶ್ನೆಗಳಿಗೆ ಉತ್ತರ ಓದುತ್ತಿದ್ದದ್ದು. ಹಾಗಾಗಿ ಹಸಿರು ಪಟ್ಟಿಗೂ ಅದೇ ಉಪಾಯ.

ಕಲೆಯ ಇತಿಹಾಸವನ್ನು ಅವರು ಪರೀಕ್ಷೆಗೆ ಓದುವವರಂತೆ ಓದುತ್ತಿದ್ದರು. ಇ. ಎಚ್. ಗೊಂಬ್ರಿಕ್ ಅವರ ‘ದಿ ಸ್ಟೋರಿ ಆಫ್ ಆರ್ಟ್’ (1950) ಮೂರು ಸಲ ಗುಹಾಚಿತ್ರಗಳಿಂದ ಶುರುಮಾಡಿ ಮೂರು ಸಲವೂ ಈಜಿಪ್ಟಿನಲ್ಲೇ ನಿಂತಿದ್ದರು. ಮೊದಲಿನಿಂದಲೇ ಓದಬೇಕು ಎಂಬ ಹಟ ಬಿಡಿಸಲು ಜಾನ್ ಬರ್ಜರ್ ಅವರ ‘ವೇಸ್ ಆಫ್ ಸೀಯಿಂಗ್’ (1972) ಕೈಗೆ ಕೊಟ್ಟೆ. ಅದರಲ್ಲಿ ಏಳು ಪ್ರಬಂಧ, ಮೂರರಲ್ಲಿ ಬರೀ ಚಿತ್ರ. ಯಾವ ಕ್ರಮದಲ್ಲಾದರೂ ಓದಬಹುದು ಎಂದು ಆರಂಭದಲ್ಲೇ ಹೇಳಿದ್ದಾರೆ. ಅಚ್ಚಾದ ಅಪ್ಪಣೆ ಇದ್ದರೆ ಕೆಲವರಿಗೆ ಧೈರ್ಯ. ಗೊಂಬ್ರಿಕ್ ಮತ್ತೆ ತೆರೆದಾಗ ಮಾಡಬೇಕಾದ್ದು ಇಷ್ಟು: ಎಲ್ಲಾದರೂ ತೆರೆದು, ಬರಹದ ಮೇಲೆ ಒಂದು ಹಾಳೆ ಮುಚ್ಚಿ, ಚಿತ್ರವನ್ನು ಹತ್ತು ನಿಮಿಷ ನೋಡುವುದು. ಕಂಡ ಮೂರು ವಿಷಯ ಬರೆಯುವುದು. ಆಮೇಲೆ ಹಾಳೆ ತೆಗೆದು ಓದುವುದು. ಆ ಪುಸ್ತಕ ಇದಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಚಿತ್ರ ತೋರಿಸಲಾಗದ ಕೃತಿಗಳ ಬಗ್ಗೆ ಆದಷ್ಟು ಮಾತಾಡುವುದಿಲ್ಲ ಎಂದು ಗೊಂಬ್ರಿಕ್ ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದರು.

ಮೂರು ವಾರದ ನಂತರ ಅವರು ಕೇಳಿದ್ದು: “ಚಿತ್ರದೊಳಗೆ ಅಷ್ಟೊಂದು ಹೆಂಗಸರು. ಚಿತ್ರ ಬರೆದವರಲ್ಲಿ ಮಾತ್ರ ಯಾಕಿಲ್ಲ?” ಗೊಂಬ್ರಿಕ್ ಪುಸ್ತಕದ ಮೊದಲ ಆವೃತ್ತಿಯಲ್ಲಿ ಒಬ್ಬ ಕಲಾವಿದೆಯೂ ಇರಲಿಲ್ಲ ಎಂಬುದು ಹಳೆಯ ಆಕ್ಷೇಪ. ಅದನ್ನು ಇವರು ಯಾರಿಂದಲೂ ಕೇಳಿ ಹೇಳಿದ್ದಲ್ಲ, ನೋಡಿ ಹೇಳಿದ್ದು. ಆಗ ಮಾತ್ರ ನಾನು ಹೊಸ ಹೆಸರೊಂದನ್ನು ಕೊಟ್ಟೆ: ಮಹಾನ್ ಕಲಾವಿದೆಯರು ಯಾಕಿರಲಿಲ್ಲ ಎಂದು ಕಲೆಯ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ 1971ರಲ್ಲಿ ಬರೆದ ಪ್ರಬಂಧ. ಎರಡು ಸಂಜೆಯಲ್ಲಿ ಮುಗಿಸಿದರು, ಸಿಟ್ಟಿನಿಂದ. ಅವರಲ್ಲಿ ಸಿಟ್ಟು ಕಂಡದ್ದು ಅದೇ ಮೊದಲು, ನನಗೆ ಸಮಾಧಾನವಾಯಿತು.

ಆರು ವಾರ ಕಳೆದ ಮೇಲೆ ಕೆಂಪು ಪುಸ್ತಕಗಳ ಮಾತು ಬಂತು. ಒಂದನ್ನಾದರೂ ಓದಬಹುದೇ ಎಂದರು. ಪಟ್ಟಿಯಲ್ಲಿಲ್ಲದ ಒಂದನ್ನು ಹೇಳಿದೆ. ಮೇರಿಯನ್ ಮಿಲ್ನರ್ ಎಂಬಾಕೆ 1926ರಲ್ಲಿ ಒಂದು ದಿನಚರಿ ಶುರುಮಾಡಿದರು. ತನಗೆ ಸಂತೋಷ ಕೊಡುತ್ತದೆ ಎಂದು ತಾನು ನಂಬಿರುವುದು ಬಿಡಿ, ನಿಜವಾಗಿ ಕೊಟ್ಟದ್ದು ಯಾವುದು ಎಂದು ಬರೆದಿಡುವುದು. ಏಳು ವರ್ಷದ ಆ ಹುಡುಕಾಟ ‘ಎ ಲೈಫ್ ಆಫ್ ಒನ್ಸ್ ಓನ್’ ಎಂದು 1934ರಲ್ಲಿ ಜೊವಾನಾ ಫೀಲ್ಡ್ ಎಂಬ ಗುಪ್ತನಾಮದಲ್ಲಿ ಪುಸ್ತಕವಾಯಿತು. ಅದರಲ್ಲಿ ಅಂಕಗಳಿಲ್ಲ, ಹತ್ತು ಸೂತ್ರಗಳಿಲ್ಲ. ಒಬ್ಬ ಹೆಂಗಸು ತನ್ನನ್ನು ತಾನು ಗಮನಿಸುತ್ತ, ತಾನು ಅಂದುಕೊಂಡದ್ದು ಸುಳ್ಳು ಎಂದು ಮತ್ತೆ ಮತ್ತೆ ಕಂಡುಕೊಳ್ಳುತ್ತಾಳೆ.

ಇದು ಎಲ್ಲರಿಗೂ ಹೊಂದುವ ಸಲಹೆಯಲ್ಲ. ಪ್ರಶ್ನಾವಳಿಯಲ್ಲಿ ಅಂಕ 15 ಇದ್ದು, ಹಾಸಿಗೆಯಿಂದ ಏಳುವುದೇ ಕಷ್ಟವಾದವರಿಗೆ ಸೂಜಿ ದಾರ ಕೊಟ್ಟು ಕಳಿಸಿದರೆ ಅನ್ಯಾಯ. ಅವರಿಗೆ ಮೊದಲು ವೈದ್ಯರು ಬೇಕು.

ಏಳನೆಯ ಭೇಟಿಗೆ ಪ್ರಶ್ನಾವಳಿಯಲ್ಲಿ 4 ಬಂತು. ನಿದ್ದೆಯ ಪ್ರಶ್ನೆಗೆ ಉತ್ತರ ಮೊದಲಿನಂತೆಯೇ ಇದೆ, ಅದರ ಕೆಲಸ ಇನ್ನೂ ಬಾಕಿ. ಮೇಜಿನ ತುಂಬ ಅಂಟು ಎಂದು ಮನೆಯವರು ಗೊಣಗುತ್ತಾರಂತೆ. ಮಿಲ್ನರ್ ಪುಸ್ತಕವನ್ನು ಅರ್ಧಕ್ಕೇ ಬಿಟ್ಟಿದ್ದರು. “ಅವರದ್ದು ಓದ್ತಾ ಓದ್ತಾ ನನ್ನದೇ ಬರೆಯೋಣ ಅನ್ನಿಸ್ತು” ಎಂದು ತಾವೇ ಹೊಲಿದ ಪುಸ್ತಕ ತೋರಿಸಿದರು. ಒಳಗೇನಿದೆ ಎಂದು ತೆರೆದು ತೋರಿಸಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತು, ಪಟ್ಟಿ ಈಗ 113 ಆಗಿದೆ ಎಂದರು. ಯಾವುದು ಎಂದು ನಾನು ಕೇಳಲಿಲ್ಲ.