ಫ್ಲೂ ರೋಗಿಯ ಎಕ್ಸ್-ರೇ ಮೊದಲ ದಿನ ನಾರ್ಮಲ್, ಎರಡು ದಿನದಲ್ಲಿ ಸಿಟಿ ಸ್ಕ್ಯಾನ್‌ನಲ್ಲಿ ನ್ಯುಮೋನಿಯಾ: ಇದು ಹೇಗೆ ಸಾಧ್ಯ?

ನಿಮ್ಮ ತಂದೆಯವರಿಗೆ ಫ್ಲೂ ಪಾಸಿಟಿವ್ ಬಂದು ಆಸ್ಪತ್ರೆಗೆ ಸೇರಿಸಿದ ದಿನ ಎಕ್ಸ್-ರೇ ನಾರ್ಮಲ್ ಇತ್ತು, ಎರಡು ದಿನ ಬಿಟ್ಟು ಸಿಟಿಯಲ್ಲಿ ಎರಡೂ ಕಡೆ ನ್ಯುಮೋನಿಯಾ ಬಂತು ಅಂತ ಬರೆದಿದ್ದೀರಿ. ಮೊದಲ ದಿನ ಡಾಕ್ಟರ ಕಣ್ಣಿಗೆ ಬೀಳದೆ ಹೋಯಿತಾ ಅನ್ನೋದು ನಿಮ್ಮ ಚಿಂತೆ. ನಾನು ದಿನವೂ ಎದೆಯ ಎಕ್ಸ್-ರೇ, ಸಿಟಿ ನೋಡುವ ರೇಡಿಯಾಲಜಿಸ್ಟ್. ಅವರ ಫಿಲ್ಮ್ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಫ್ಲೂನಲ್ಲಿ ಹೀಗಾಗೋದು ತೀರಾ ಸಾಮಾನ್ಯ.

ವೈರಸ್ ಮೊದಲು ಹಿಡಿಯುವುದು ಮೂಗು, ಗಂಟಲು, ಶ್ವಾಸನಾಳಗಳನ್ನು. ಆಗ ಜ್ವರ, ಮೈಕೈ ನೋವು, ಕೆಮ್ಮು ಜೋರಾಗಿಯೇ ಇರುತ್ತವೆ, ಆದರೆ ಎಕ್ಸ್-ರೇಯಲ್ಲಿ ಕಾಣುವಂಥದ್ದು ಏನೂ ಇರುವುದಿಲ್ಲ. ಶ್ವಾಸಕೋಶದ ಗಾಳಿಚೀಲಗಳಲ್ಲಿ ನೀರು ತುಂಬತೊಡಗಿದ ಮೇಲೇ ಬಿಳುಪು ಬೀಳುವುದು. ತೆಳು ಬಿಳುಪಾದರೆ ಅದೂ ಎಕ್ಸ್-ರೇಗೆ ಸಿಗುವುದಿಲ್ಲ. ಹೃದಯದ ಹಿಂದೆ ಇದ್ದರೆ, ಅಥವಾ ರೋಗಿ ಮಲಗಿದಲ್ಲೇ ತೆಗೆದ ಫಿಲ್ಮ್ ಆದರೆ, ಇನ್ನೂ ಕಷ್ಟ.

ಸಿಟಿಯಲ್ಲಿ ನನಗೆ ಹೆಚ್ಚಾಗಿ ಕಾಣೋದು ಎರಡೂ ಕಡೆ ಅಲ್ಲಲ್ಲಿ ಚದುರಿದ ಮಸುಕು. ಉಜ್ಜಿದ ಗಾಜಿನ ಹಿಂದೆ ಇದ್ದಂತೆ, ಆ ಮಸುಕಿನೊಳಗೇ ರಕ್ತನಾಳಗಳು ಕಾಣುತ್ತಿರುತ್ತವೆ. ರಿಪೋರ್ಟಿನಲ್ಲಿ ಗ್ರೌಂಡ್ ಗ್ಲಾಸ್ ಎಂದು ಬರೆದಿರುತ್ತಾರಲ್ಲ, ಅದು ಇದೇ. ನಾಳಗಳೂ ಮುಚ್ಚಿಹೋಗುವಷ್ಟು ಗಟ್ಟಿ ಬಿಳುಪಾದರೆ ಕನ್ಸಾಲಿಡೇಶನ್. ಎರಡೂ ಬೆರೆತೇ ಇರುವುದುಂಟು. ಶ್ವಾಸನಾಳದ ಗೋಡೆ ದಪ್ಪಗಾಗಿ, ಸುತ್ತ ಸಣ್ಣ ಸಣ್ಣ ಚುಕ್ಕೆಗಳೂ ಇರಬಹುದು.

ಇಷ್ಟಾದರೂ ಬರೀ ಸಿಟಿ ನೋಡಿ ಇದು ಫ್ಲೂ ಅಂತ ನಾನು ಹೇಳಲಾರೆ. ಕೋವಿಡ್‌ನಲ್ಲೂ ಇಂಥದೇ ಮಸುಕು ಬರುತ್ತದೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತರೂ ಕೆಲವೊಮ್ಮೆ ಹೀಗೇ ಕಾಣುತ್ತದೆ. ಯಾವ ವೈರಸ್ ಅನ್ನೋದನ್ನ ಹೇಳೋದು ಸ್ವಾಬ್ ಪರೀಕ್ಷೆ.

ನೀವು ನಿಜವಾಗಿ ಗಮನಿಸಬೇಕಾದ್ದು ಬೇರೆ ಇದೆ. ಫ್ಲೂ ಜ್ವರ ಸಾಮಾನ್ಯವಾಗಿ 3ರಿಂದ 5 ದಿನದಲ್ಲಿ ಇಳಿಯುತ್ತದೆ. ಇಳಿದು, ಸ್ವಲ್ಪ ಚೇತರಿಸಿಕೊಂಡು, ಮತ್ತೆ ಜ್ವರ ಏರಿತು, ಕಫ ಹಳದಿಯಾಯಿತು, ಉಸಿರಾಟ ಕಷ್ಟವಾಯಿತು ಅಂದರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ನ್ಯುಮೋಕಾಕಸ್, ಸ್ಟ್ಯಾಫಿಲೋಕಾಕಸ್ ಇದರಲ್ಲಿ ಮುಖ್ಯ. ಆಗ ಚಿತ್ರವೂ ಬದಲಾಗುತ್ತದೆ: ಒಂದು ಭಾಗವಿಡೀ ಗಟ್ಟಿ ಬಿಳುಪು, ಶ್ವಾಸಕೋಶದ ಸುತ್ತ ನೀರು, ಸ್ಟ್ಯಾಫ್ ಆದರೆ ಒಳಗೆ ಪೊಳ್ಳು. ವೈರಸ್ಸೊಂದೇ ಇದ್ದಾಗ ಬಿಳಿ ರಕ್ತಕಣ ಹೆಚ್ಚಾಗಿ ನಾರ್ಮಲ್ ಅಥವಾ ಕಡಿಮೆ ಇರುತ್ತದೆ, ಹಾಗಾಗಿ ಅದು ದಿಢೀರ್ ಏರಿದರೂ ಡಾಕ್ಟರು ಎಚ್ಚರವಾಗುತ್ತಾರೆ. ವಯಸ್ಸಾದವರಲ್ಲಿ ಜ್ವರ ಬರದೆಯೇ ಇರಬಹುದು. ಸುಮ್ನೆ ಮಂಕಾಗಿದ್ದಾರೆ, ಊಟ ಬೇಡ ಅಂತಾರೆ, ಮಾತು ತಪ್ಪುತ್ತಿದೆ ಅನ್ನಿಸಿದರೆ ನರ್ಸ್‌ಗೆ ಕೂಡಲೇ ಹೇಳಿ. ಎದೆ ನೋವು ಅಂದರಂತೂ ತಡಮಾಡಬೇಡಿ, ಫ್ಲೂ ಬಂದ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯವೂ ಜಾಸ್ತಿ.

ಫ್ಲೂ ವೈರಸ್‌ಗೆ ಕೊಡುವ ಓಸೆಲ್ಟಾಮಿವಿರ್ ಔಷಧದ ಬಗ್ಗೆಯೂ ಕೇಳಿದ್ದೀರಿ. ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ಶುರುಮಾಡಿದರೆ ಅದರಿಂದ ಲಾಭ ಹೆಚ್ಚು, ನಿಜ. ಆದರೆ ಆಸ್ಪತ್ರೆ ಸೇರುವಷ್ಟು ಕಾಯಿಲೆ ಆದವರಿಗೆ ಆ ಗಡುವು ದಾಟಿದ್ದರೂ ಕೊಡುತ್ತಾರೆ. ತಡವಾಯಿತು ಅಂತ ಕೊರಗಬೇಡಿ.

ಇನ್ನು ಮನೆಗೆ ಬಂದ ಮೇಲೆ ಮತ್ತೆ ಎಕ್ಸ್-ರೇ ತೆಗೆಸಿ, ಬಿಳುಪು ಹಾಗೇ ಇದೆಯಲ್ಲ ಅಂತ ಗಾಬರಿಯಾಗುವವರು ಬಹಳ. ಉಸಿರಾಟ ಸುಧಾರಿಸಿ ಎಷ್ಟೋ ವಾರಗಳ ನಂತರ ಫಿಲ್ಮ್ ತಿಳಿಯಾಗುವುದು, ವಯಸ್ಸಾದವರಲ್ಲಿ ಇನ್ನೂ ನಿಧಾನ. ಆಕ್ಸಿಜನ್ ಸರಿಯಿದ್ದು, ನಡೆದಾಡಲು ಆಗುತ್ತಿದ್ದರೆ ವಾರವಾರ ತೆಗೆಸುವುದು ಬೇಡ. ಅವರು ಸಿಗರೇಟು ಸೇದುವವರಾದರೆ ಮಾತ್ರ 6ರಿಂದ 8 ವಾರಕ್ಕೆ ಒಂದು ಎಕ್ಸ್-ರೇ ಬೇಕಾ ಅಂತ ಡಾಕ್ಟರನ್ನು ಕೇಳಿ, ಬಿಳುಪಿನ ಹಿಂದೆ ಗೆಡ್ಡೆ ಏನಾದರೂ ಅಡಗಿದೆಯಾ ಅಂತ ಆಗ ಗೊತ್ತಾಗುತ್ತದೆ.