ಮನೆ ಉಪ್ಪಳದಲ್ಲಿ, ಬಿಲ್ಲು ಮಂಗಳೂರಿಗೆ: ಗುತ್ತಿಗೆ ಕೆಲಸದವರ ತೆರಿಗೆ ಎಲ್ಲಿಗೆ?

ಮನೆ ಕೇರಳದಲ್ಲಿ, ದುಡ್ಡು ಕೊಡುವವರು ಕರ್ನಾಟಕದಲ್ಲಿ. ಹಾಗಾದರೆ ಗುತ್ತಿಗೆ ಮೇಲೆ ಕೆಲಸ ಮಾಡುವವರು ತೆರಿಗೆ ಕಟ್ಟುವುದು ಯಾವ ರಾಜ್ಯಕ್ಕೆ ಎಂದು ಕೇಳಿದ್ದೀರಿ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ದಿನವೂ ಮಂಗಳೂರಿಗೆ ಹೋಗಿ ಬರುವವರಲ್ಲೂ ಇದು ಎಷ್ಟೋ ಮಂದಿಗೆ ಗೋಜಲೇ. ಆದಾಯ ತೆರಿಗೆಗೆ ತಲಪಾಡಿ ಗಡಿ ಲೆಕ್ಕಕ್ಕಿಲ್ಲ, ಅದು ಕೇಂದ್ರದ್ದು. ಗಡಿ ಅಡ್ಡ ಬರುವುದು ಜಿಎಸ್‌ಟಿ, ವೃತ್ತಿ ತೆರಿಗೆ ಮತ್ತು ಕಾರ್ಮಿಕ ಕಾಯ್ದೆ, ಇಲಾಖೆಗಳ ವಿಷಯದಲ್ಲಿ.

ಮೊದಲು ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂಗಳ ಸಂಖ್ಯೆ ಬದಲಾಗಿದೆ. ಆದರೆ ಅಕೌಂಟೆಂಟರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಓಡಾಡುತ್ತವೆ, ಹಾಗಾಗಿ ಅವನ್ನೇ ಹೇಳುತ್ತೇನೆ. ವಯರಿಂಗ್, ಪೈಂಟಿಂಗ್, ಸಾಗಾಟದಂಥ ಗುತ್ತಿಗೆ ಕೆಲಸಕ್ಕೆ 194ಸಿ: ಒಬ್ಬ ವ್ಯಕ್ತಿಗೆ ಶೇ. 1. ಒಂದೇ ಬಿಲ್ಲು ₹30,000 ಮೀರಿದರೆ ಅಥವಾ ವರ್ಷದ ಒಟ್ಟು ₹1 ಲಕ್ಷ ಮೀರಿದರೆ ಕಡಿತ. ಎಂಜಿನಿಯರ್, ವಕೀಲ, ಲೆಕ್ಕಪರಿಶೋಧಕರಂಥ ವೃತ್ತಿಪರ ಸೇವೆಗೆ 194ಜೆ: ಶೇ. 10, ವರ್ಷಕ್ಕೆ ₹50,000 ದಾಟಿದ ಮೇಲೆ. ಪ್ಯಾನ್ ಕೊಡದಿದ್ದರೆ ಅಥವಾ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದರೆ ಶೇ. 20 ಹೋಗುತ್ತದೆ. ಬಿಲ್ಲು ಕೊಟ್ಟ ಮೇಲೆ ಇದು ಗೊತ್ತಾಗಿ ತಲೆ ಕೆರೆದುಕೊಳ್ಳುವವರು ಬಹಳ.

ಕಡಿತವಾದದ್ದೇ ಅಂತಿಮ ತೆರಿಗೆ ಎಂದುಕೊಂಡು ಸುಮ್ಮನಿರುವುದು ಇನ್ನೊಂದು ತಪ್ಪು. ಮಂಗಳೂರಿನ ಬಿಲ್ಡರ್ ಒಬ್ಬರಿಗೆ ತಿಂಗಳಿಗೆ ₹40,000ದಂತೆ ನಕ್ಷೆ ಮಾಡಿಕೊಡುವ ಸಿವಿಲ್ ಎಂಜಿನಿಯರರನ್ನು ತೆಗೆದುಕೊಳ್ಳಿ. ವರ್ಷಕ್ಕೆ ₹4,80,000, ಟಿಡಿಎಸ್ ₹48,000. 44ಎಡಿಎ ಪ್ರಕಾರ ಬಂದ ಹಣದ ಅರ್ಧವನ್ನೇ ಆದಾಯವೆಂದು ತೋರಿಸಬಹುದು, ಅಂದರೆ ₹2,40,000. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ, ₹48,000 ಪೂರ್ತಿ ವಾಪಸು. ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ, ಅದೂ ಸಂಬಳದವರ ಐಟಿಆರ್-1 ಅಲ್ಲ, ಐಟಿಆರ್-4. ಸಂಬಳದವರಿಗೆ ಸಿಗುವ ₹75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲಿ ಸಿಗದು. ಈ ಅರ್ಧದ ಲೆಕ್ಕ ಪಟ್ಟಿಯಲ್ಲಿರುವ ವೃತ್ತಿಗಳಿಗಷ್ಟೇ. ವಯರಿಂಗ್ ಗುತ್ತಿಗೆದಾರರಿಗೆ 44ಎಡಿ: ಬ್ಯಾಂಕು, ಯುಪಿಐ ಮೂಲಕ ಬಂದದ್ದಕ್ಕೆ ಕನಿಷ್ಠ ಶೇ. 6, ನಗದಿಗೆ ಶೇ. 8 ಲಾಭ. ಟಿಡಿಎಸ್ ಕಳೆದೂ ₹10,000 ಅಥವಾ ಹೆಚ್ಚು ತೆರಿಗೆ ಬಾಕಿಯಾಗುವಂತಿದ್ದರೆ ಮಾರ್ಚ್ 15ರೊಳಗೆ ಮುಂಗಡ ತೆರಿಗೆಯಾಗಿ ಕಟ್ಟಬೇಕು. ಈ ಎರಡು ಕಲಮಿನವರಿಗೆ ಅದೊಂದೇ ಕಂತು.

ಇನ್ನು ಜಿಎಸ್‌ಟಿ. "ರಾಜ್ಯ ದಾಟಿ ಬಿಲ್ಲು ಮಾಡಿದರೆ ಮೊದಲ ರೂಪಾಯಿಗೇ ನೋಂದಣಿ ಬೇಕು" ಎಂಬ ಮಾತು ನಮ್ಮ ಕಡೆ ಇನ್ನೂ ಚಾಲ್ತಿಯಲ್ಲಿದೆ. ಸರಕಿನ ವ್ಯಾಪಾರಕ್ಕೆ ಅದು ಸಾಮಾನ್ಯವಾಗಿ ಸರಿ. ಸೇವೆಗೆ 2017ರ ಅಕ್ಟೋಬರಿನಿಂದಲೇ ವಿನಾಯಿತಿ ಇದೆ: ವರ್ಷದ ಒಟ್ಟು ವಹಿವಾಟು ₹20 ಲಕ್ಷ ಮೀರದಿದ್ದರೆ ಗಡಿಯಾಚೆಗೆ ಸೇವೆ ಕೊಟ್ಟರೂ ನೋಂದಣಿ ಕಡ್ಡಾಯವಲ್ಲ. ಸುಮ್ಮನೆ ನೋಂದಣಿ ಮಾಡಿಸಿಕೊಂಡು ಸೊನ್ನೆ ರಿಟರ್ನ್ ಹಾಕಲು ಮರೆತು ದಂಡ ಕಟ್ಟುವುದಕ್ಕಿಂತ ಬೇಡದಾಗ ಮಾಡಿಸದಿರುವುದೇ ಲೇಸು.

ನೋಂದಣಿ ಇದ್ದವರು ನೋಡಬೇಕಾದದ್ದು ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ. ಕೇರಳಕ್ಕೆ 32, ಕರ್ನಾಟಕಕ್ಕೆ 29. ನಿಮ್ಮದು 32, ಹಣ ಕೊಡುವ ಪಾರ್ಟಿಯದು 29 ಆದರೆ ಸಾಮಾನ್ಯ ಸೇವೆಗೆ ಐಜಿಎಸ್‌ಟಿ, ಅಂದರೆ ರಾಜ್ಯ ದಾಟಿದ ವ್ಯವಹಾರದ ಜಿಎಸ್‌ಟಿ. ₹40,000 ಶುಲ್ಕಕ್ಕೆ ಶೇ. 18 ಎಂದರೆ ₹7,200, ಬಿಲ್ಲು ₹47,200. ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿದ್ದರೆ ಟಿಡಿಎಸ್ ₹40,000ದ ಮೇಲೆ ಮಾತ್ರ. ₹4,000 ಹೋಗಿ ಕೈಗೆ ₹43,200. ಒಂದೇ ಸಾಲಿನಲ್ಲಿ ₹47,200 ಎಂದು ಬರೆದರೆ ಅಷ್ಟರ ಮೇಲೂ ಕಡಿತ. ಅಭ್ಯಾಸಬಲದಿಂದ ರಾಜ್ಯದೊಳಗಿನ ವ್ಯವಹಾರದಂತೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎಂದು ಶೇ. ಒಂಬತ್ತೊಂಬತ್ತು ಹಾಕಿಬಿಟ್ಟರೆ ಕೇರಳಕ್ಕೆ ಹೋದ ಪಾಲು ಮಂಗಳೂರಿನವರ ಕ್ರೆಡಿಟ್ಟಿಗೆ, ಅಂದರೆ ಅವರು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಲೆಕ್ಕಕ್ಕೆ, ಬಾರದು. ನೀವು ಐಜಿಎಸ್‌ಟಿಯನ್ನು ಮತ್ತೆ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ರಿಫಂಡ್ ಅರ್ಜಿ ಹಾಕಿಕೊಂಡು ಕೂರಬೇಕು. ಕಟ್ಟಡಕ್ಕೆ ಸಂಬಂಧಿಸಿದ ಕೆಲಸವಾದರೆ ಕಟ್ಟಡ ಎಲ್ಲಿದೆಯೋ ಅದೇ ಸ್ಥಳ ಎಂದು ಲೆಕ್ಕ. ಮಂಗಳೂರಿನ ಪಾರ್ಟಿಯೇ ಹಣ ಕೊಟ್ಟರೂ ಮನೆ ಕುಂಬಳೆಯಲ್ಲಿದ್ದರೆ ಅದು ಕೇರಳದೊಳಗಿನ ಸೇವೆ. ₹50,000 ಮೀರಿದ ಪ್ಲೈವುಡ್ಡೋ ಟೈಲ್ಸೋ ತಲಪಾಡಿ ದಾಟಿಸುವುದಿದ್ದರೆ ಇ-ವೇ ಬಿಲ್ (ಸರಕು ಸಾಗಾಟದ ಆನ್‌ಲೈನ್ ಚೀಟಿ) ಬೇಕು.

ಹೊರಗಿನವರಿಗೆ ಹೊಸದಾಗಿ ಕಾಣುವುದು ಇಳಿಸುವ ಕೂಲಿ. ಕೇರಳದಲ್ಲಿ 1978ರ ತಲೆಹೊರೆ ಕಾರ್ಮಿಕರ ಕಾಯ್ದೆ ಇದೆ, ಸಂಘಗಳು ಗಟ್ಟಿ. ಲೋಡು ಇಳಿಸಿದವರಿಗೆ ಕೂಲಿ ಕೊಡಬೇಕು, ಸರಿ. ಇಳಿಸದೆ ನೋಡುತ್ತ ನಿಂತವರು ಕೇಳುವ 'ನೋಕ್ಕುಕೂಲಿ'ಯನ್ನು ಸರ್ಕಾರ 2018ರ ಮೇ 1ರಿಂದ ನಿಲ್ಲಿಸಿದೆ. ಕೇಳಿದರೆ ಕೊಡಬೇಕಾಗಿಲ್ಲ.

ವೃತ್ತಿ ತೆರಿಗೆ ಸಣ್ಣದು. ಸಂವಿಧಾನದ 276ನೇ ವಿಧಿಯಂತೆ ವರ್ಷಕ್ಕೆ ₹2,500 ಮೀರುವಂತಿಲ್ಲ. ಕೇರಳದಲ್ಲಿ ಪಂಚಾಯತು ಅಥವಾ ನಗರಸಭೆ ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತದೆ, ಕರ್ನಾಟಕದಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಎರಡೂ ಕಡೆಯಿಂದ ನೋಟೀಸು ಬಂದರೆ ಒಂದು ಕಡೆ ಕಟ್ಟಿದ ರಸೀದಿ ತೋರಿಸಿ ವಿಚಾರಿಸಿ, ಅದನ್ನು ಎತ್ತಿಡಿ. ನೋಟೀಸು ಮಲಯಾಳದಲ್ಲಿದ್ದರೆ ಗಾಬರಿಯಾಗಬೇಡಿ. ಇಲ್ಲಿನ ಭಾಷಾ ಅಲ್ಪಸಂಖ್ಯಾತರು ಕನ್ನಡದಲ್ಲೇ ಬರೆದುಕೊಡಬಹುದು.

ಇಷ್ಟೆಲ್ಲ ಹೇಳಿದ್ದು ನೀವು ನಿಜಕ್ಕೂ ಗುತ್ತಿಗೆದಾರರು ಎಂದುಕೊಂಡು. ಅಸಲು ಗೊಂದಲ ಇರುವುದು ಅಲ್ಲೇ. 'ಕನ್ಸಲ್ಟೆಂಟ್' ಎಂದು ಪತ್ರ ಕೊಟ್ಟು ಒಂಬತ್ತಕ್ಕೆ ಬೆರಳಚ್ಚು ಒತ್ತಿಸಿಕೊಳ್ಳುವ ಕಚೇರಿಗಳು ಬೇಕಾದಷ್ಟಿವೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿ ಇಲ್ಲ. ಟಿಡಿಎಸ್ ಯಾವ ಕಲಮಿನಡಿ ಕಡಿದರು ಎಂಬುದರಿಂದ ನೀವು ನೌಕರರೋ ಅಲ್ಲವೋ ಎಂಬುದು ತೀರ್ಮಾನವಾಗುವುದಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮೂರ ಬೀಡಿ ಸಾಕು. ಬೀಡಿ ಕಟ್ಟುವ ಹೆಂಗಸರು ಮನೆಯ ಜಗಲಿಯಲ್ಲೇ ಕೂರುತ್ತಾರೆ. ಎಲೆ, ಹೊಗೆಸೊಪ್ಪು, ನೂಲು ಬೀಡಿ ಕಂಪನಿಯ ಬ್ರಾಂಚಿನಿಂದ. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂದು. ಹೊತ್ತು ಗೊತ್ತಿಲ್ಲ, ಮೇಲೆ ನಿಂತು ನೋಡುವ ಮೇಸ್ತ್ರಿ ಇಲ್ಲ, ಮಕ್ಕಳನ್ನು ಶಾಲೆಗೆ ಕಳಿಸಿ ಕೂತರೂ ಆಯಿತು. ಮೇಲ್ನೋಟಕ್ಕೆ ಇವರಿಗಿಂತ ಸ್ವತಂತ್ರರು ಯಾರು? ಆದರೂ 1966ರ ಬೀಡಿ ಕಾಯ್ದೆ ಇವರನ್ನು ನೌಕರರೆಂದೇ ಕರೆಯಿತು, 1985ರಲ್ಲಿ ಸುಪ್ರೀಂ ಕೋರ್ಟು ಪಿಎಫ್‌ಗೂ ಇವರು ಅರ್ಹರು ಎಂದಿತು. ಕಾರಣ: ಸರಿಯಿಲ್ಲದ ಬೀಡಿಯನ್ನು ತೆಗೆದು ಹಾಕುವ ಹಕ್ಕು ಕಂಪನಿಯ ಕೈಯಲ್ಲಿದೆ, ಅದೂ ಒಂದು ಹಿಡಿತವೇ. ಕೋಯಿಕ್ಕೋಡಿನ ಹಗ್ಗದ ಕಾರ್ಖಾನೆಯೊಂದರ ಪ್ರಕರಣದಲ್ಲಿ 1978ರಲ್ಲಿ ಅದೇ ಕೋರ್ಟು, ನಡುವೆ ಗುತ್ತಿಗೆದಾರರಿದ್ದರೂ ದುಡಿದವರು ಕಾರ್ಖಾನೆಯವರದೇ ಕೆಲಸಗಾರರು ಎಂದು ಹೇಳಿತು.

ಹಾಗಾಗಿ ಕಾಗದದ ಹೆಸರು ಬಿಟ್ಟು ಇವನ್ನು ನೋಡಿ. ಬರಲಾಗದ ದಿನ ನಿಮ್ಮ ಬದಲಿಗೆ ಇನ್ನೊಬ್ಬರನ್ನು ಕಳಿಸಬಹುದೆ? ಬೇರೆ ಪಾರ್ಟಿಯ ಕೆಲಸ ಹಿಡಿಯಬಹುದೆ? ಲ್ಯಾಪ್‌ಟಾಪು, ಡ್ರಿಲ್ಲು ಯಾರದು? ಕೆಲಸ ಕೆಟ್ಟರೆ ನಷ್ಟ ಯಾರಿಗೆ? ರಜೆಗೆ ಕೇಳಬೇಕೆ? ಎಲ್ಲಕ್ಕೂ ಉತ್ತರ ಕಂಪನಿಯ ಕಡೆಗೇ ವಾಲಿದರೆ ನೀವು ನೌಕರರೇ. ತಮಾಷೆಯೆಂದರೆ ಕೆಲವು ಕಚೇರಿಗಳು 'ಕನ್ಸಲ್ಟೆಂಟ್'ಗಳ ಶುಲ್ಕದಿಂದ ತಿಂಗಳಿಗೆ ₹200 ವೃತ್ತಿ ತೆರಿಗೆ ಕಡಿದುಬಿಡುತ್ತವೆ. ಹಾಗೆ ಕಡಿಯುವುದು ಸಂಬಳದಿಂದ ಮಾತ್ರ! ಆ ಚೀಟಿ ನಿಮಗೆ ಸಾಕ್ಷಿ.

ಕೆಲಸ ಮಂಗಳೂರಿನಲ್ಲಾದರೆ ದೂರು ಕೊಡುವುದು ಅಲ್ಲಿನ ಕಾರ್ಮಿಕ ಇಲಾಖೆಗೆ, ಪಿಎಫ್ ಕಚೇರಿಗೆ. ಮನೆ ಕೇರಳದಲ್ಲಿದೆ ಎಂಬುದು ತೊಡಕಾಗದು. ಮುಂಚೆ ಇಷ್ಟು ಕೂಡಿಸಿಕೊಳ್ಳಿ: ಒಪ್ಪಂದ ಪತ್ರ, ತಿಂಗಳು ತಿಂಗಳು ಒಂದೇ ಮೊತ್ತ ಜಮೆಯಾದ ಪಾಸ್‌ಬುಕ್ಕಿನ ಪುಟ, ಹಾಜರಿಯ ಚಿತ್ರ, ಗುರುತಿನ ಚೀಟಿ, ರಜೆ ಕೇಳಿದ ವಾಟ್ಸಾಪ್ ಸಂದೇಶ. ಕೆಲಸ ಬಿಟ್ಟ ದಿನವೇ ಕಚೇರಿಯ ಇಮೇಲು ಮುಚ್ಚಿಬಿಡುತ್ತಾರೆ, ಅದಕ್ಕೆ ಮೊದಲೇ ಪ್ರತಿ ತೆಗೆದಿಟ್ಟಿರಬೇಕು.